ಗೋಡೆಯ ಮೇಲೆ ಬಸವಣ್ಣ, ಕಡತದೊಳಗೆ ಬಿಜ್ಜಳ

2024ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಬೆನ್ನಿಗೇ ಸರ್ಕಾರಿ ಕಚೇರಿಗಳಲ್ಲೆಲ್ಲ ಅವರ ಭಾವಚಿತ್ರ ಹಾಕಬೇಕೆಂಬ ಆದೇಶ ಹೊರಟಿತು. ಫೋಟೊ ಹಾಕುವುದು ಒಂದು ಮೊಳೆಯ ಕೆಲಸ. ಅದರ ಕೆಳಗಿನ ಮೇಜಿನಲ್ಲಿ ನಡೆಯುವ ಆಡಳಿತ ಯಾರ ತತ್ವದಂತೆ ನಡೆಯುತ್ತಿದೆ ಎಂದು ಕೇಳುವುದು ಮಾತ್ರ ಅಷ್ಟು ಹಗುರದ ಕೆಲಸವಲ್ಲ. ಬಸವಣ್ಣ ಬಾಳಿದ ಕಲ್ಯಾಣದಲ್ಲೇ, ಅದರ ನೆರೆಯ ಹುಮನಾಬಾದಿನಲ್ಲೇ ನಿಂತು ಈ ಪ್ರಶ್ನೆ ಕೇಳಿದರೆ ಉತ್ತರಕ್ಕೆ ಇನ್ನಷ್ಟು ಬಿಸಿ ಬರುತ್ತದೆ.

ಹಿಂದಿನವರ ತತ್ವವನ್ನು ಇಂದಿನ ಬಾಳಿಗೆ ಹೇಗೆ ಹೊಂದಿಸುವುದು ಎಂಬ ಜಗಳ ನಮ್ಮೊಬ್ಬರದ್ದಲ್ಲ. ಅಮೆರಿಕದಲ್ಲಿ ಅದು ದಿನ ಬೆಳಗಾದರೆ ಏಳುವ ತಕರಾರು. 1776ರಲ್ಲಿ ಸ್ವಾತಂತ್ರ್ಯ ಸಾರಿದವರು, 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂತು ಸಂವಿಧಾನ ಬರೆದವರು ಮನಸ್ಸಿನಲ್ಲಿ ಏನಿಟ್ಟುಕೊಂಡಿದ್ದರು ಎಂದು ಅಲ್ಲಿನ ನ್ಯಾಯಾಧೀಶರು ಇಂದಿಗೂ ಹಳೆಯ ಕಾಗದ ಕೆದಕುತ್ತಾರೆ. 2022ರಲ್ಲಿ ಬಂದೂಕು ಮತ್ತು ಗರ್ಭಪಾತದ ಎರಡು ದೊಡ್ಡ ಮೊಕದ್ದಮೆಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇತಿಹಾಸ, ಪರಂಪರೆಗಳನ್ನೇ ಅಳತೆಗೋಲು ಮಾಡಿಕೊಂಡಿತು. ಆದರೆ ಎಲ್ಲ ಮನುಷ್ಯರೂ ಸಮಾನರೆಂದು ಬರೆದ ಜೆಫರ್ಸನ್ ನೂರಾರು ಗುಲಾಮರ ಒಡೆಯನಾಗಿದ್ದ. ಗುಲಾಮಗಿರಿ ಕಾನೂನಿನಿಂದ ತೊಲಗಿದ್ದು 1865ರಲ್ಲಿ; ಲಿಂಗದ ಕಾರಣಕ್ಕೆ ಮತ ನಿರಾಕರಿಸಬಾರದೆಂದು ಸಂವಿಧಾನ ತಿದ್ದಿದ್ದು 1920ರಲ್ಲಿ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ 1852ರಲ್ಲಿ, ನಿಮ್ಮ ಸ್ವಾತಂತ್ರ್ಯೋತ್ಸವ ನಮಗೆ ಏನಾಗಬೇಕು ಎಂದು ಸಭೆಯನ್ನೇ ಕೇಳಿದ. ಸ್ಥಾಪಕರ ಮಾತಿಗೆ ತೂಕ ಬಂದದ್ದು, ಅವರು ಹೊರಗಿಟ್ಟಿದ್ದವರೇ ಆ ಮಾತನ್ನು ಹಿಡಿದುಕೊಂಡು ಬಂದು ಬಾಗಿಲು ಬಡಿದ ಮೇಲೆ.

ನಮ್ಮ ತೊಡಕು ಬೇರೆ ಬಗೆಯದು. ಕಲ್ಯಾಣವೆಂಬ ಒಂದೇ ಊರು ನೂರು ವರ್ಷದ ಒಳಗೆ, ಆಳುವುದು ಹೇಗೆ ಎಂಬುದಕ್ಕೆ ಮೂರು ಉತ್ತರ ಕೊಟ್ಟುಹೋಗಿದೆ. ಮೂರನೆಯದನ್ನು ಹಾಡುತ್ತೇವೆ, ಮೊದಲೆರಡನ್ನು ಬಾಳುತ್ತೇವೆ.

ಒಂದೇ ಊರು, ಮೂರು ಉತ್ತರ

ಹನ್ನೊಂದನೆಯ ಶತಮಾನದ ನಡುವಿನಲ್ಲಿ ಚಾಲುಕ್ಯರ ಒಂದನೇ ಸೋಮೇಶ್ವರ ಮಾನ್ಯಖೇಟದಿಂದ ರಾಜಧಾನಿಯನ್ನು ಕಲ್ಯಾಣಕ್ಕೆ ತಂದ. ಮುಂದೆ 1076ರಿಂದ 1126ರವರೆಗೆ ಆಳಿದ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಕಲಬುರಗಿ ಜಿಲ್ಲೆಯ ಮರತೂರಿನವನೆಂದು ಗುರುತಿಸಲಾಗುವ ವಿಜ್ಞಾನೇಶ್ವರ ಇಲ್ಲಿ ಕೂತು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆದ. ಮಗನಾಗಿ ಹುಟ್ಟಿದ ಗಳಿಗೆಯಲ್ಲೇ ಪಿತ್ರಾರ್ಜಿತದಲ್ಲಿ ಪಾಲು ಹುಟ್ಟುತ್ತದೆ ಎಂಬುದು ಅದರ ಪ್ರಸಿದ್ಧ ಸಿದ್ಧಾಂತ. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ನ್ಯಾಯಾಲಯಗಳು ಅದನ್ನೇ ಕೈಪಿಡಿ ಮಾಡಿಕೊಂಡವು. ಬಂಗಾಳ ಮೊದಲಾದ ಕಡೆ ಬಿಟ್ಟರೆ ದೇಶದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿ ಕಲ್ಯಾಣದಲ್ಲಿ ಬರೆದ ಈ ಗ್ರಂಥದ ಪ್ರಕಾರ ಹಂಚಿಕೆಯಾಯಿತು.

ಎರಡನೆಯದು ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರನದು. 1129ರ ಸುಮಾರಿಗೆ ರಚನೆಯಾದ 'ಮಾನಸೋಲ್ಲಾಸ' ಅಡುಗೆ, ಸಂಗೀತ, ಆನೆ, ಕುದುರೆಗಳಿಂದ ಹಿಡಿದು ಎಲ್ಲವನ್ನೂ ವಿವರಿಸುವ ಸಂಸ್ಕೃತ ವಿಶ್ವಕೋಶ. ಅದರ ಐದು ಭಾಗಗಳಲ್ಲಿ ಮೊದಲೆರಡು ರಾಜ್ಯವನ್ನು ಪಡೆಯುವ, ಪಡೆದದ್ದನ್ನು ಗಟ್ಟಿಮಾಡಿಕೊಳ್ಳುವ ವಿಚಾರಕ್ಕೆ ಮೀಸಲು. ಅಲ್ಲಿನ ಅರಸ ಕೆಟ್ಟವನಲ್ಲ. ದಾನ ಮಾಡಬೇಕು, ದೀನರನ್ನು ಪೊರೆಯಬೇಕು. ಆದರೆ ಕೊಡುವವನು ಮೇಲೆ, ಪಡೆಯುವವರು ಕೆಳಗೆ. ಕೊಟ್ಟದ್ದಕ್ಕೆ ಕೈ ಮುಗಿಯಬಹುದು, ಲೆಕ್ಕ ಕೇಳುವಂತಿಲ್ಲ.

ಮೂರನೆಯ ಉತ್ತರ ಬಂದದ್ದು ಚಾಲುಕ್ಯರ ಕೈಯಿಂದ ಕಲಚುರಿ ಬಿಜ್ಜಳನ ಕೈಗೆ ಕಲ್ಯಾಣ ಜಾರಿದಾಗ, 1162ರ ಆಸುಪಾಸಿನಲ್ಲಿ. ಬಾಗೇವಾಡಿಯಲ್ಲಿ ಹುಟ್ಟಿ, ಕೂಡಲಸಂಗಮದಲ್ಲಿ ಬೆಳೆದು, ಮಂಗಳವೇಢೆಯಲ್ಲಿ ಕರಣಿಕನ ಕೆಲಸ ಹಿಡಿದ ಬಸವಣ್ಣ ಇಲ್ಲಿ ಭಂಡಾರಿಯಾದರು. ಅವರ ಸುತ್ತ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಸಮಗಾರ ಹರಳಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬುಟ್ಟಿ ಹೆಣೆಯುವ ಮೇದಾರ ಕೇತಯ್ಯ ಸೇರಿದರು. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಬಂದು ಸೌದೆ ಹೊರೆ ಮಾರಿದನೆಂದು ಹೇಳಲಾಗುವ ಮೋಳಿಗೆ ಮಾರಯ್ಯನನ್ನು ಹುಮನಾಬಾದ್ ತಾಲ್ಲೂಕಿನ ಮೊಳಕೇರಾದ ಜನ ಇಂದಿಗೂ ತಮ್ಮ ಊರಿನವನೆನ್ನುತ್ತಾರೆ. ಸಂಸ್ಕೃತದ ಹಂಗು ತೊರೆದು, ಆಡುವ ಮಾತಿನಲ್ಲಿ, ತಮ್ಮ ತಮ್ಮ ಅಂಕಿತ ಹಾಕಿ ಇವರೆಲ್ಲ ವಚನ ಬರೆದರು. ಹೆಂಗಸರೂ ಬರೆದರು; ಒಬ್ಬಿಬ್ಬರಲ್ಲ, ಮೂವತ್ತಕ್ಕೂ ಹೆಚ್ಚು ಮಂದಿ.

ಸಂಸತ್ತು ಹೌದೋ ಅಲ್ಲವೋ

ಬಸವಣ್ಣನ ಸುತ್ತ ಸೇರಿದ ಈ ಶರಣರ ಸಭೆಯಾದ ಅನುಭವ ಮಂಟಪ ಜಗತ್ತಿನ ಮೊದಲ ಸಂಸತ್ತು, ಇಂಗ್ಲೆಂಡಿನ 1215ರ ಮ್ಯಾಗ್ನಾಕಾರ್ಟಾಕ್ಕಿಂತಲೂ ಹಳೆಯದು ಎಂದು ವೇದಿಕೆಯ ಮೇಲೆ ಹೇಳಿದಾಗ ಚಪ್ಪಾಳೆ ಬೀಳುತ್ತದೆ. ಚಪ್ಪಾಳೆ ನಿಂತ ಮೇಲೆ ಸ್ವಲ್ಪ ವಿಚಾರ ಮಾಡಬೇಕು. ಮಂಟಪಕ್ಕೆ ಯಾರೂ ಚುನಾಯಿತರಾಗಿ ಬರಲಿಲ್ಲ. ಅದು ಕಾನೂನು ಮಾಡಲಿಲ್ಲ, ತೆರಿಗೆ ಹಾಕಲಿಲ್ಲ. ದಂಡ, ಸೈನ್ಯ, ಸೆರೆಮನೆ ಎಲ್ಲ ಬಿಜ್ಜಳನ ಹತ್ತಿರವೇ ಇದ್ದವು. ಅಲ್ಲಿನ ಸಂವಾದಗಳ ದೊಡ್ಡ ಸಂಕಲನವಾದ 'ಶೂನ್ಯಸಂಪಾದನೆ' ರೂಪುಗೊಂಡದ್ದು ಹದಿನೈದನೆಯ ಶತಮಾನದಲ್ಲಿ, ಘಟನೆಗಳು ನಡೆದು ಸುಮಾರು ಮುನ್ನೂರು ವರ್ಷಗಳ ಮೇಲೆ. ಸಭೆಯ ನಡಾವಳಿಯೇ ಬೇಕೆಂದರೆ, ಕೂರುವ ಕ್ರಮ, ನಿರ್ಣಯ, ಕೋರಂ, ಮತದಾನದ ನಿಯಮಗಳು ಬೌದ್ಧ ಭಿಕ್ಷು ಸಂಘಗಳಲ್ಲಿ ಇದ್ದವೆಂದು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ನೆನಪಿಸಿದ್ದರು. ಮೊದಲಿನವರು ಯಾರು ಎಂಬ ಪಂದ್ಯಕ್ಕಿಳಿದರೆ ಕಲ್ಯಾಣದ ನಿಜವಾದ ಹೆಚ್ಚುಗಾರಿಕೆ ಕೈತಪ್ಪಿಹೋಗುತ್ತದೆ.

ಆ ಹೆಚ್ಚುಗಾರಿಕೆ ಕೂರುವ ಕ್ರಮದಲ್ಲಿದೆ. ಪರಂಪರೆ ಹೇಳುವ ಪ್ರಕಾರ ಮಂಟಪದ ಶೂನ್ಯಸಿಂಹಾಸನದ ಮೇಲೆ ಕೂತದ್ದು ರಾಜ್ಯದ ಬೊಕ್ಕಸ ಹಿಡಿದಿದ್ದ ಬಸವಣ್ಣನಲ್ಲ, ಮದ್ದಳೆ ಬಾರಿಸುತ್ತಿದ್ದ ಅಲ್ಲಮಪ್ರಭು. ಹಣವಿದ್ದ ಕೈಗೆ ಪೀಠವಿಲ್ಲ, ಪೀಠವಿದ್ದ ಕೈಗೆ ಹಣವಿಲ್ಲ. ಅಧಿಕಾರವನ್ನು ಅಧಿಕಾರದಿಂದಲೇ ತಡೆಯಬೇಕೆಂದು ಅಮೆರಿಕದ ಮ್ಯಾಡಿಸನ್ 1788ರಲ್ಲಿ ವಾದ ಹೂಡಿದ. ಇಲ್ಲಿ ಅದನ್ನು ವಾದವಿಲ್ಲದೆ ಆಸನದಲ್ಲೇ ತೋರಿಸಿದ್ದಾರೆ. ಇನ್ನೊಂದು, ಯಾರೂ ಪ್ರಶ್ನೆಗೆ ಮೀರಿದವರಲ್ಲ. ಉಡುತಡಿಯಿಂದ ಬಂದ ಅಕ್ಕಮಹಾದೇವಿಯನ್ನು ಅಲ್ಲಮ ಬಿಡದೆ ಪರೀಕ್ಷಿಸುತ್ತಾನೆ. ಆಕೆ ಯಾರ ಮರೆಯಲ್ಲೂ ನಿಲ್ಲದೆ ತಾನೇ ಉತ್ತರ ಕೊಡುತ್ತಾಳೆ. ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ-ಗುಡಿ ಕಟ್ಟಿಸಿ ಹೆಸರಾಗಿದ್ದ ಸಿದ್ಧರಾಮನನ್ನೂ ಅಲ್ಲಮ ಎದುರಿಗೇ ಕೆಣಕುತ್ತಾನೆ: ಕಟ್ಟಿದ್ದಷ್ಟೇ ಸಾಧನೆಯೇ?

ಭಾರತಕ್ಕೆ ಸಂವಿಧಾನದ 'ಮೂಲ ಸ್ವರೂಪ' ಎಂಬ ವಿಚಾರ ಬಂದದ್ದು 1973ರ ಏಪ್ರಿಲ್ 24ರ ತೀರ್ಪಿನಿಂದ. ಮೊಕದ್ದಮೆ ಹೂಡಿದವರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು. ಹದಿಮೂರು ನ್ಯಾಯಾಧೀಶರಲ್ಲಿ ಏಳು ಮಂದಿ, ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದರು. ಕಲ್ಯಾಣಕ್ಕೂ ಇದೇ ಅಳತೆ ಹಿಡಿಯಬಹುದು. ಹನ್ನೆರಡನೆಯ ಶತಮಾನದ ಉಡುಪು, ಆಚರಣೆಗಳನ್ನು ಬಿಟ್ಟು ಮೂಲ ಸ್ವರೂಪವನ್ನಷ್ಟೇ ಆಯ್ದರೆ ಮೂರು ಸಂಗತಿ ಉಳಿಯುತ್ತವೆ. ಸಭೆಯಲ್ಲಿ ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಬೊಕ್ಕಸ ಹಿಡಿದವನು ಲೆಕ್ಕ ಒಪ್ಪಿಸಬೇಕು. ಕಸುಬು, ಮದುವೆ, ನಂಬಿಕೆಗಳ ನಿರ್ಧಾರ ಹುಟ್ಟಿನ ಕೈಯಲ್ಲಿರಬಾರದು.

ಸಭೆ ಇದೆ, ಸಭಿಕರಿಲ್ಲ

ಮೊದಲನೆಯದಕ್ಕೆ ಇಂದು ಕಾನೂನಿನ ಬಲವೇ ಇದೆ. ಅಬ್ದುಲ್ ನಜೀರ್ ಸಾಬ್ ತಂದ 1983ರ ಕಾಯ್ದೆ, 1987ರ ಮಂಡಲ ಪಂಚಾಯಿತಿ ಚುನಾವಣೆ, 73ನೇ ತಿದ್ದುಪಡಿ, ಅದನ್ನನುಸರಿಸಿದ ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆ, ಹೀಗೆ ಕರ್ನಾಟಕ ಊರಿನ ಸಭೆಗೆ ಅಧಿಕಾರ ಕೊಡುವುದರಲ್ಲಿ ಮುಂದಿತ್ತು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಫಲಾನುಭವಿಗಳ ಆಯ್ಕೆ, ಕ್ರಿಯಾಯೋಜನೆ ಅಲ್ಲಿ ಚರ್ಚೆಯಾಗಬೇಕು. ಅದಕ್ಕೆ ಕೋರಂ ಉಂಟು: ಸದಸ್ಯರಲ್ಲಿ ಹತ್ತನೇ ಒಂದು ಭಾಗ ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅಷ್ಟು, ಅವರಲ್ಲಿ ಶೇ. 30ರಷ್ಟಾದರೂ ಮಹಿಳೆಯರು. ಮಾಚಯ್ಯ, ಚೌಡಯ್ಯರಿಗೆ ಬಿಜ್ಜಳನ ರಾಜ್ಯದಲ್ಲಿ ಕನಸಾಗಿದ್ದ ಹಕ್ಕು ಇದು.

ನಡೆಯುವುದು ಬೇರೆ. ಸಭೆಯ ದಿನ ಡಂಗುರವಿಲ್ಲ, ತಿಳಿವಳಿಕೆ ಪತ್ರ ನೋಟಿಸ್ ಬೋರ್ಡಿನಲ್ಲೇ ಉಳಿಯುತ್ತದೆ, ಹಾಜರಾತಿ ಪುಸ್ತಕ ಮರುದಿನ ಮನೆಮನೆಗೆ ಹೋಗಿ ಹೆಬ್ಬೆಟ್ಟು ಒತ್ತಿಸಿಕೊಂಡು ಬರುತ್ತದೆ ಎಂಬ ದೂರು ರಾಜ್ಯದ ಯಾವ ಹಳ್ಳಿಗೆ ಹೋದರೂ ಕೇಳುತ್ತದೆ. 2010ರಿಂದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ಆದರೂ ಅಧ್ಯಕ್ಷೆಯ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಹಾಕಿ, ಅದರಲ್ಲಿ ಅಧ್ಯಕ್ಷೆಯ ಗಂಡ ಕೂತು ಮಾತಾಡುವುದು ಎಷ್ಟೋ ಕಡೆ ರೂಢಿಯಾಗಿಬಿಟ್ಟಿದೆ. ಅಲ್ಲಮನ ಎದುರು ಅಕ್ಕ ಒಬ್ಬಳೇ ನಿಂತಿದ್ದಳೆಂಬುದನ್ನು ಆ ಎರಡನೆಯ ಕುರ್ಚಿಯವರಿಗೆ ಯಾರಾದರೂ ಹೇಳಬೇಕು.

ಮೇಲಿನ ಹಂತಕ್ಕೆ ಹೋದರೆ ಸಭೆಯೇ ಇಲ್ಲ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು, 2021ರಲ್ಲಿ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ ಎಂಬ ನೆಪಗಳಲ್ಲಿ ವರ್ಷಗಳೇ ಉರುಳಿದವು. ಚುನಾಯಿತರ ಜಾಗದಲ್ಲಿ ಆಡಳಿತಾಧಿಕಾರಿಗಳು ಕೂತರು. ಪಕ್ಷ ಯಾವುದೇ ಇರಲಿ, ಪ್ರಶ್ನೆ ಕೇಳುವವರಿಲ್ಲದ ಸಭೆ ಆಳುವವರಿಗೆ ಹಿತ. ಜನರ ಒಪ್ಪಿಗೆಯಿಂದಲೇ ಸರ್ಕಾರಕ್ಕೆ ಅಧಿಕಾರ ಎಂಬುದು 1776ರ ಘೋಷಣೆಯ ತಿರುಳು. ನಮ್ಮ ಸಂವಿಧಾನದ ತಿರುಳೂ ಅದೇ. ಒಪ್ಪಿಗೆ ಕೇಳುವುದನ್ನೇ ಮುಂದೂಡುತ್ತ ಹೋದರೆ ಉಳಿಯುವುದು 'ಮಾನಸೋಲ್ಲಾಸ'ದ ಸೋಮೇಶ್ವರನ ಮಾದರಿ.

ಇನ್ನೂ ಒಂದು ವಿಪರ್ಯಾಸ ಪಟ್ಟಣದೊಳಗೇ ಇದೆ. 74ನೇ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಿಗೆ. 2011ರ ಜನಗಣತಿಯಲ್ಲಿ ಬಸವಕಲ್ಯಾಣದ ಜನಸಂಖ್ಯೆ ಎಪ್ಪತ್ತು ಸಾವಿರದ ಆಸುಪಾಸು. ಹುಮನಾಬಾದ್ ಅದಕ್ಕಿಂತ ಚಿಕ್ಕದು. ಹಾಗಾಗಿ ಸಂವಿಧಾನದ ಆ ಕಡ್ಡಾಯ ಇವಕ್ಕೆ ತಟ್ಟುವುದಿಲ್ಲ. ಪಟ್ಟಣದ ಗಡಿಯಾಚೆಯ ಸಣ್ಣ ಹಳ್ಳಿಯ ಕೂಲಿಕಾರನಿಗೆ ಸಂವಿಧಾನವೇ ಗ್ರಾಮಸಭೆಯ ಸದಸ್ಯತ್ವ ಕೊಟ್ಟಿದೆ. ಅನುಭವ ಮಂಟಪದ ಊರಿನ ನಿವಾಸಿಗೆ ತನ್ನ ಬೀದಿಯ ಚರಂಡಿಯ ಬಗ್ಗೆ ಎದ್ದುನಿಂತು ಕೇಳಲು ಅಂಥ ಸಭೆ ಅದು ಕೊಟ್ಟಿಲ್ಲ.

ಭಂಡಾರಿಯ ಲೆಕ್ಕ

ಬೊಕ್ಕಸದ ಹಣವನ್ನು ಬಸವಣ್ಣ ಜಂಗಮರಿಗೆ ಸುರಿಯುತ್ತಿದ್ದಾರೆ ಎಂದು ಕೊಂಡೆಯದವರು ಬಿಜ್ಜಳನ ಕಿವಿಗೆ ಹಾಕಿದ ಕಥೆ ಪುರಾಣಗಳಲ್ಲಿದೆ. ಅರಸ ಲೆಕ್ಕ ಕೇಳಿದ, ಭಂಡಾರಿ ಪೆಟ್ಟಿಗೆ ತೆರೆದು ಎಣಿಸಿ ತೋರಿಸಿದರು, ಒಂದು ಹಣವೂ ಕಡಿಮೆ ಬೀಳಲಿಲ್ಲ. ಪವಾಡದ ಬಣ್ಣ ಕಳಚಿದರೂ ಒಂದು ನೀತಿ ಉಳಿಯುತ್ತದೆ: ನನ್ನ ಭಕ್ತಿಯ ಮೇಲೆ ಅನುಮಾನವೇ ಎಂದು ಬಸವಣ್ಣ ಸಿಡುಕಲಿಲ್ಲ, ಲೆಕ್ಕ ಕೊಟ್ಟರು. ಇಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿದವನನ್ನು ಕಚೇರಿಗಳು ನೋಡುವ ನೋಟ ನೆನೆದರೆ ಈ ಕಥೆಯ ಬೆಲೆ ತಿಳಿಯುತ್ತದೆ. ಕೇಂದ್ರದ 2005ರ ಕಾಯ್ದೆಗೂ ಮೊದಲೇ, 2000ದಲ್ಲೇ, ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು. ಅರ್ಜಿ ಬರುವ ಮೊದಲೇ ಕಚೇರಿಗಳು ತಮ್ಮ ಲೆಕ್ಕವನ್ನು ತಾವೇ ಪ್ರಕಟಿಸಬೇಕೆಂದು 2005ರ ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಅದನ್ನು ಪಾಲಿಸುವ ಕಚೇರಿ ಹುಡುಕಿದರೆ ಸಿಕ್ಕೀತು.

ಈ ಭಾಗಕ್ಕೆ ಲೆಕ್ಕದ ಪ್ರಶ್ನೆ ಇನ್ನೂ ಹತ್ತಿರದ್ದು. ನಿಜಾಮನ ಕಾಲದಲ್ಲಿ ಕಲ್ಯಾಣಿ ಒಂದು ಜಹಗೀರು. ಜವಾಬ್ದಾರಿ ಸರ್ಕಾರವೆಂಬುದು ಹೈದರಾಬಾದ್ ಸಂಸ್ಥಾನದಲ್ಲಿ ಇರಲಿಲ್ಲ. 1949ರಲ್ಲಿ ಜಹಗೀರುಗಳು ರದ್ದಾದವು, 1952ರ ಹೊತ್ತಿಗೆ ಅರಸನ ಪ್ರಜೆಗಳು ಮತದಾರರಾದರು, 1956ರಲ್ಲಿ ಬೀದರ್ ಕನ್ನಡ ನಾಡಿಗೆ ಸೇರಿತು. ಹಿಂದುಳಿದಿರುವಿಕೆ ಮಾತ್ರ ಜೊತೆಗೇ ಬಂತು, ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಆ ಅಂತರವನ್ನು ಅಂಕಿಗಳಲ್ಲಿ ತೋರಿಸಿತು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ ವಿಧಿ ಶಿಕ್ಷಣ, ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲು ಕೊಟ್ಟಿತು, ಅಭಿವೃದ್ಧಿ ಮಂಡಳಿಗೆ ದಾರಿ ಮಾಡಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಈ ವಿಧಿಯನ್ನು ಹೊಗಳುವವರು ಅದರ ಒಂದು ಸಾಲನ್ನು ಹೆಚ್ಚಾಗಿ ಮರೆಯುತ್ತಾರೆ: ಮಂಡಳಿಯ ಕೆಲಸದ ವರದಿ ಪ್ರತಿವರ್ಷ ವಿಧಾನಸಭೆಯ ಮುಂದೆ ಬರಬೇಕು. ಹಣ ಬಂತೇ ಎಂದು ಕೇಳುವಷ್ಟೇ ಗಟ್ಟಿಯಾಗಿ, ಆ ವರದಿಯ ಮೇಲೆ ನಮ್ಮ ಶಾಸಕರು ಎಷ್ಟು ಹೊತ್ತು ಮಾತಾಡಿದರು ಎಂದೂ ಕೇಳಬೇಕು.

ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಇಷ್ಟೇಕೆ, ತಂದಲ್ಲಿಗೇ ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮ ವಾಪಸು ಕಳಿಸಿದ ಕಥೆ ಈ ಸೀಮೆಯ ಮಕ್ಕಳಿಗೂ ಗೊತ್ತು. ಬಿಲ್ಲಿನಲ್ಲಿ ಇರುವ ರಸ್ತೆ ನೆಲದ ಮೇಲೆ ಇಲ್ಲದ ಕಾಮಗಾರಿಗಳಿಗೆ ಲಕ್ಕಮ್ಮನಿಗಿಂತ ಒಳ್ಳೆಯ ಲೆಕ್ಕಪರಿಶೋಧಕಿ ಸಿಗಲಿಕ್ಕಿಲ್ಲ.

ಕಸುಬು, ಬೀಗತನ, ಪಾಲು

ಮೂರನೆಯ ಸಂಗತಿಯೇ ಎಲ್ಲಕ್ಕಿಂತ ಬಿಗಿಯಾದದ್ದು. ಕಾಯಕದ ಮಾತನ್ನು ಇಂದು ಮೇಲಿನವರು ಕೆಳಗಿನವರಿಗೆ ಉಪದೇಶವಾಗಿ ಹೇಳುತ್ತಾರೆ. ಬೀದಿ ಗುಡಿಸುವವರಿಗೆ ನಿಮ್ಮದು ಪವಿತ್ರ ಕಾಯಕವೆಂದು ಶಾಲು ಹೊದಿಸಿ, ಸಂಬಳವನ್ನು ಗುತ್ತಿಗೆದಾರನ ಕೈಗೆ ಬಿಡುವುದು ಶರಣರ ಕಾಯಕವಲ್ಲ. ಅರಸನಾಗಿದ್ದವನು ಸೌದೆ ಹೊತ್ತನೆಂಬ ಮೊಳಕೇರಾದ ಕಥೆಯಲ್ಲಿ ಕಸುಬು ಆಯ್ಕೆಯಾಗಿದೆ, ಹಣೆಬರಹವಾಗಿಲ್ಲ. ಮಲ ಹೊರುವ ಕೆಲಸಕ್ಕೆ ಮನುಷ್ಯರನ್ನು ಹಚ್ಚುವುದನ್ನು 2013ರ ಕಾಯ್ದೆ ಅಪರಾಧ ಮಾಡಿದೆ. ಆದರೂ ಮ್ಯಾನ್‌ಹೋಲಿಗೆ ಇಳಿಸುವಾಗ ಯಾವ ಕೇರಿಗೆ ಹೇಳಿಕಳಿಸುತ್ತಾರೆ ಎಂಬುದರಲ್ಲಿ ಇಡೀ ಊರಿನ ಸಮಾನತೆಯ ಲೆಕ್ಕವಿದೆ.

ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಕುಲದಿಂದ ಬಂದಿದ್ದ ಮಧುವರಸನ ಮಗಳನ್ನು ಕೊಟ್ಟು ಮದುವೆಯಾಯಿತು. ಅರಸ ಅದನ್ನು ಅಪರಾಧವೆಂದ. ಬೀಗರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಕಥನಗಳು ಹೇಳುತ್ತವೆ. 1167ರ ಹೊತ್ತಿಗೆ ಬಿಜ್ಜಳ ಕೊಲೆಯಾದ, ಶರಣರು ಚದುರಿದರು, ಚನ್ನಬಸವಣ್ಣನೊಡನೆ ಒಂದು ತಂಡ ಉಳವಿಯ ಕಾಡಿಗೆ ನಡೆಯಿತು. ಒಂದು ರಾಜ್ಯ ಅಲ್ಲಾಡಿದ್ದು ಒಂದು ಮದುವೆಯಿಂದ. ವಯಸ್ಸಿಗೆ ಬಂದ ಇಬ್ಬರು ಒಪ್ಪಿದರೆ ಕುಟುಂಬವಾಗಲಿ, ಜಾತಿ ಪಂಚಾಯಿತಿಯಾಗಲಿ ಅಡ್ಡ ಬರುವಂತಿಲ್ಲವೆಂದು ಸುಪ್ರೀಂ ಕೋರ್ಟು 2018ರಲ್ಲಿ ಶಕ್ತಿವಾಹಿನಿ ಮೊಕದ್ದಮೆಯಲ್ಲಿ ಹೇಳಿದಾಗ ಎಂಟೂವರೆ ಶತಮಾನ ಕಳೆದಿತ್ತು. ಆದರೂ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರು 30 ದಿನ ಮೊದಲೇ ನೋಟಿಸ್ ಕೊಡಬೇಕು, ಅದು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಬೇಕು. ಓಡಿಬಂದ ಹುಡುಗ ಹುಡುಗಿಯ ವಿಳಾಸವನ್ನು ಬೆನ್ನಟ್ಟಿ ಬಂದವರಿಗೆ ಸರ್ಕಾರವೇ ತೋರಿಸಿಕೊಟ್ಟಂತೆ. ಇನ್ನು ಮನೆಗಳ ಮಾತು: ಹರಳಯ್ಯ, ಮಧುವರಸರಿಗೆ ಕೈ ಮುಗಿಯುವ ಮನೆಗಳಲ್ಲೇ ಸಂಬಂಧ ನೋಡುವಾಗ ಮೊದಲು ಕೇಳುವುದು ಒಳಪಂಗಡವನ್ನು.

ಆಸ್ತಿಯ ವಿಷಯದಲ್ಲಿ ಕಲ್ಯಾಣದ ಇಬ್ಬರು ಹಿರಿಯರು, ವಿಜ್ಞಾನೇಶ್ವರ ಮತ್ತು ಬಸವಣ್ಣ, ನೇರ ಎದುರುಬದುರಾಗುತ್ತಾರೆ. ಹುಟ್ಟಿನಿಂದ ಪಾಲು ಎಂದ ವಿಜ್ಞಾನೇಶ್ವರ ಆ ಹುಟ್ಟನ್ನು ಗಂಡಿಗೆ ಮೀಸಲಿಟ್ಟ. ಅವನಿಗೂ ನ್ಯಾಯ ಸಲ್ಲಬೇಕು: ಸ್ತ್ರೀಧನದ ವಿಚಾರದಲ್ಲಿ ಅವನ ಕೈ ಧಾರಾಳವಾಗಿತ್ತು, ಹೆಣ್ಣಿಗೆ ಯಾವ ದಾರಿಯಲ್ಲಿ ಬಂದ ಆಸ್ತಿಯನ್ನೂ ಅವಳದೇ ಎಂದಿದ್ದ. ಅದನ್ನು ಕಿರಿದು ಮಾಡಿದವರು ಲಂಡನ್ನಿನ ಪ್ರಿವಿ ಕೌನ್ಸಿಲ್ಲಿನ ನ್ಯಾಯಾಧೀಶರು. ಕೂಡುಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲು ಎಂಬುದನ್ನು ಕರ್ನಾಟಕ 1994ರ ಜುಲೈನಲ್ಲೇ ಕಾನೂನು ಮಾಡಿತು. ಆಗಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಮಾತ್ರ ಹೊರಗಿಟ್ಟಿತು. 2005ರ ಸೆಪ್ಟೆಂಬರಿನಲ್ಲಿ ಕೇಂದ್ರ ಆ ತಡೆಯನ್ನೂ ತೆಗೆಯಿತು. ಅಂದು ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಬಗೆಹರಿಸಿತು: ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ ಇರಲಿ ಬಿಡಲಿ.

ಇಷ್ಟಾದ ಮೇಲೂ ಸಬ್‌ರಿಜಿಸ್ಟ್ರಾರ್ ಕಚೇರಿಯ ಹೊರಗೆ ಮರದಡಿ ನೋಡಿದರೆ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಜೀಪಿನಲ್ಲಿ ಕರೆತಂದಿರುತ್ತಾರೆ. ಸೀರೆ, ಒಂದಿಷ್ಟು ರೊಕ್ಕ, ತವರಿನ ಬಾಗಿಲು ತೆರೆದಿರುತ್ತದೆಂಬ ಮಾತು. ಬದಲಿಗೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ. ಕಾನೂನು ಬಸವಣ್ಣನ ಕಡೆಗೆ ಬಂದಿದೆ. ಪಹಣಿ ಇನ್ನೂ ಹಳೆಯ ಮಿತಾಕ್ಷರದಲ್ಲೇ ಇದೆ.

ನಂಬಿಕೆಯ ನೆಲ

ನಂಬಿಕೆಯ ಸ್ವಾತಂತ್ರ್ಯಕ್ಕೆ ಈ ಸೀಮೆಯಲ್ಲಿ ಇನ್ನೊಂದು ಹೆಸರಿದೆ. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ, ಹುಮನಾಬಾದ್ ಪಕ್ಕದ ಮಾಣಿಕನಗರದಲ್ಲಿ 1865ರಲ್ಲಿ ಸಮಾಧಿಯಾದ ಮಾಣಿಕ ಪ್ರಭುಗಳು ಎಲ್ಲ ಮತಗಳೂ ಸತ್ಯವೆಂಬ ಸಕಲಮತ ಸಂಪ್ರದಾಯ ಕಟ್ಟಿದರು. ಮರಾಠಿ, ಕನ್ನಡ, ಹಿಂದಿ ಎನ್ನದೆ ಹಾಡು ಕಟ್ಟಿದರು. ಅವರ ದರ್ಬಾರಿಗೆ ಮುಸ್ಲಿಂ ಭಕ್ತರೂ ಬರುತ್ತಿದ್ದರು. ಸಂವಿಧಾನದ 25ನೇ ವಿಧಿಗೆ ಎಂಬತ್ತು-ತೊಂಬತ್ತು ವರ್ಷ ಮುಂಚಿನ ಮಾತಿದು.

ಅದೇ ನೆಲ 1948ನ್ನೂ ಕಂಡಿದೆ. ಆ ವರ್ಷದ ಮೇ ತಿಂಗಳಲ್ಲಿ ಗೋರಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಪ್ರತಿವರ್ಷ ನೆನೆಯುತ್ತೇವೆ. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಉಸ್ಮಾನಾಬಾದ್, ಕಲಬುರಗಿ, ಬೀದರ್, ನಾಂದೇಡ್ ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಸುಂದರಲಾಲ್ ಸಮಿತಿಯ ವರದಿ ದಾಖಲಿಸಿತು. ಅದು ದಶಕಗಳ ಕಾಲ ಕತ್ತಲಲ್ಲಿತ್ತು. ವಿಮೋಚನೆಯ ನೆನಪು ಎರಡನ್ನೂ ಹೊರಬೇಕು. ಒಬ್ಬರ ಸ್ವಾತಂತ್ರ್ಯದಿನ ಇನ್ನೊಬ್ಬರಿಗೆ ಭಯದ ದಿನವಾಗಿ ಉಳಿದರೆ ಸಕಲಮತದ ಪಾಠ ಅರ್ಧಕ್ಕೆ ನಿಂತಂತೆ.

ಇಲ್ಲಿ ಶರಣರ ಮಿತಿಯನ್ನೂ ಒಪ್ಪಿಕೊಳ್ಳಬೇಕು. ಮಂಟಪದ ಸಮಾನತೆ ಭಕ್ತರ ನಡುವಿನ ಸಮಾನತೆ. ಒಳಗೆ ಬರಲು ಲಿಂಗದೀಕ್ಷೆ ಬೇಕಿತ್ತು. ಅಂಬೇಡ್ಕರರ ಸಂವಿಧಾನ ಅದಕ್ಕಿಂತ ದೊಡ್ಡ ಬಾಗಿಲು ತೆಗೆಯಿತು. ಅಲ್ಲಿ ದೀಕ್ಷೆ ಕೇಳುವುದಿಲ್ಲ. ದೇವರನ್ನು ನಂಬದವನಿಗೂ ಅಷ್ಟೇ ಜಾಗ. ಹಾಗೆಯೇ ರಾಜಕೀಯದಲ್ಲಿ ಸಮಾನತೆ, ಬಾಳಿನಲ್ಲಿ ಅಸಮಾನತೆ ಎಂಬ ವಿರೋಧಾಭಾಸದೊಳಕ್ಕೆ ಕಾಲಿಡುತ್ತಿದ್ದೇವೆಂದು 1949ರ ಅದೇ ಭಾಷಣದಲ್ಲಿ ಅವರು ಎಚ್ಚರಿಸಿದ್ದರು. ಶರಣರು ಹೊಡೆದಾಡಿದ್ದು ಆ ಎರಡನೆಯ ಅರ್ಧದ ಜೊತೆಗೆ. ಸಂವಿಧಾನ ಕೊಟ್ಟ ಹಕ್ಕನ್ನು ಅಡುಗೆಮನೆ, ಬೀಗರ ಮನೆ, ಹೊಲದ ಬದುವಿನವರೆಗೆ ಒಯ್ಯಲು ನಮಗೆ ಇಂದಿಗೂ ಶರಣರು ಬೇಕಾಗಿರುವುದು ಅದಕ್ಕೇ.

ಮೂಲ ಮಂಟಪ ಇದ್ದದ್ದು ಎಲ್ಲಿ ಎಂಬ ವಿವಾದ 2022ರಲ್ಲಿ ಬಸವಕಲ್ಯಾಣದ ಬೀದಿಗೆ ಬಂದಿತ್ತು. ನಿಜಾಮನ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಕಟ್ಟಿಸಿದ ಅನುಭವ ಮಂಟಪ ಈಗಾಗಲೇ ಅಲ್ಲಿದೆ. 2021ರ ಜನವರಿ 6ರಂದು ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪ ಹೊಸ ಮಂಟಪಕ್ಕೆ ಅಡಿಗಲ್ಲು ಇಟ್ಟರು; 770 ಶರಣರ ನೆನಪಿಗೆ 770 ಕಂಬ, ಅಂದಿನ ಅಂದಾಜು 500 ಕೋಟಿ ರೂಪಾಯಿ. ಸಿದ್ಧರಾಮನಿಗೆ ಅಲ್ಲಮ ಹಾಕಿದ ಪ್ರಶ್ನೆ ಈ ಕಟ್ಟಡಕ್ಕೂ ಸಲ್ಲುತ್ತದೆ. ಪ್ರವಾಸಿಗರು ಬಂದು ಸೆಲ್ಫಿ ತೆಗೆದುಕೊಂಡು ಹೋಗುವುದಕ್ಕಷ್ಟೇ ಆದರೆ ಅದು ಸೋಮೇಶ್ವರನ ಕಟ್ಟಡ, ಬಸವಣ್ಣನದ್ದಲ್ಲ.

ಅದನ್ನು ಬಸವಣ್ಣನದ್ದಾಗಿ ಮಾಡಲು ಹೊಸ ಕಾನೂನು ಬೇಕಿಲ್ಲ, ಒಂದು ವಾಡಿಕೆ ಸಾಕು. ವರ್ಷಕ್ಕೆ ನಾಲ್ಕು ಸಲ ಬಸವಕಲ್ಯಾಣ ಮತ್ತು ಹುಮನಾಬಾದಿನ ಜನ ಅಲ್ಲಿ ಸೇರಲಿ. ಶಾಸಕರು, ತಹಶೀಲ್ದಾರರು, ನಗರಸಭೆ-ಪುರಸಭೆಯವರು, ಅಭಿವೃದ್ಧಿ ಮಂಡಳಿಯ ಅಧಿಕಾರಿಗಳು ಕೆಳಗೆ ಕೂರಲಿ. ಬಂದ ಹಣ, ಹೋದ ಹಣ ಎರಡನ್ನೂ ಕನ್ನಡದಲ್ಲಿ ಓದಿ ಹೇಳಲಿ. ಪೌರಕಾರ್ಮಿಕರು, ಕಬ್ಬು-ತೊಗರಿಯ ರೈತರು, ಪಾಲು ಸಿಗದ ಹೆಣ್ಣುಮಕ್ಕಳು ಮೊದಲು ಕೇಳಲಿ. ಸಭೆಯ ಅಧ್ಯಕ್ಷತೆ ಯಾವ ಅಧಿಕಾರಸ್ಥರಿಗೂ ಬೇಡ. ಪ್ರತಿ ಸಲ ಒಂದೊಂದು ಕಸುಬಿನವರಿಗೆ ಸಿಗಲಿ. ಲೆಕ್ಕ ತಪ್ಪಿದ ಅಧಿಕಾರಿ ಮುಂದಿನ ಸಭೆಯಲ್ಲಿ ಎದ್ದುನಿಂತು ಉತ್ತರ ಹೇಳುವ ಹಾಗಾದರೆ, ಕಲ್ಯಾಣವನ್ನು ಜಗತ್ತಿನ ಮೊದಲ ಸಂಸತ್ತೆಂದು ಕರೆಯಿರಿ, ಕರೆಯದಿರಿ. ಆ ಊರಿನವರಿಗೆ ವ್ಯತ್ಯಾಸವೇನೂ ಆಗದು.